ಓವನ್ನಿನಿಂದ ಇಳಿಸಿದ ಬಿಸ್ಕತ್ತನ್ನು ಆರಿಸುವುದು ಹೇಗೆ?

ಮನೆಯಲ್ಲಿ ಬೆಣ್ಣೆ ಬಿಸ್ಕತ್ತು ಮಾಡುವವರು ಹಿಟ್ಟು, ಬೆಣ್ಣೆ, ಸಕ್ಕರೆಯ ಅಳತೆಗೆ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಟ್ರೇ ಹೊರಗೆ ಬಂತು ಅಂದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಬೇಕರಿ ಬಿಸ್ಕತ್ತಿನ ಆ ಗರಿಗರಿ ಬರುವುದು ಓವನ್ನಿನಿಂದ ಇಳಿಸಿದ ಮೇಲೆ, ಆರುವಾಗ. ‘ಬಿಸಿ ಇದ್ದಾಗ ಚೆನ್ನಾಗಿತ್ತು, ಸಂಜೆಗೆ ಮೆತ್ತಗಾಯ್ತು’ ಅನ್ನುವ ದೂರು ಹೆಚ್ಚಾಗಿ ಹುಟ್ಟುವುದೂ ಈ ಅರ್ಧ ಮುಕ್ಕಾಲು ಗಂಟೆಯಲ್ಲೇ.

ಬಿಸಿ ಬಿಸ್ಕತ್ತಿನೊಳಗೆ ಬೆಣ್ಣೆ ಕರಗಿ ಎಣ್ಣೆಯಾಗಿರುತ್ತದೆ, ಸಕ್ಕರೆ ಇನ್ನೂ ಮೆತ್ತಗಿರುತ್ತದೆ, ತೇವ ಹಬೆಯಾಗಿ ಹೊರಗೆ ಹೋಗುತ್ತಲೇ ಇರುತ್ತದೆ. ಬಿಸಿ ಇಳಿದ ಹಾಗೆ ಸಕ್ಕರೆ ಬಿಗಿಯಾಗುತ್ತದೆ, ಬೆಣ್ಣೆ ಗಟ್ಟಿಯಾಗುತ್ತದೆ. ಹಬೆಗೆ ಹೋಗಲು ದಾರಿ ಕೊಟ್ಟರೆ ಗರಿಗರಿ. ದಾರಿ ಮುಚ್ಚಿದರೆ ಅದೇ ತೇವ ಬಿಸ್ಕತ್ತಿಗೇ ವಾಪಸ್.

ಮೊದಲು, ತೆಗೆಯುವ ಹೊತ್ತು

ಬೆಣ್ಣೆ ಬಿಸ್ಕತ್ತು ಸಾಮಾನ್ಯವಾಗಿ 160ರಿಂದ 170 ಡಿಗ್ರಿಯಲ್ಲಿ 15–20 ನಿಮಿಷ ಬೇಯುತ್ತದೆ. ಅಂಚು ಹೊಂಬಣ್ಣಕ್ಕೆ ತಿರುಗಿ, ನಡುಭಾಗ ಬೆರಳಿಗೆ ಇನ್ನೂ ಮೆತ್ತಗೆ ಸಿಗುವಾಗಲೇ ತೆಗೆಯಿರಿ. ಟ್ರೇಯ ಕಾವು ಇನ್ನೂ ಕೆಲವು ನಿಮಿಷ ಅದನ್ನು ಬೇಯಿಸುತ್ತದೆ. ಒಳಗಿದ್ದಾಗಲೇ ಗಟ್ಟಿಯಾಗಲಿ ಅಂತ ಕಾದರೆ, ಆರಿದ ಮೇಲೆ ಅದು ಹಲ್ಲಿಗೆ ಸವಾಲು. ಅನುಮಾನ ಬಂದರೆ ಒಂದನ್ನು ಸಟ್ಟುಗದಿಂದ ಎತ್ತಿ ತಳ ನೋಡಿ. ತಿಳಿ ಕಂದು ಬಣ್ಣ ಬಂದಿದ್ದರೆ ಸಾಕು. ಸ್ವಿಚ್ ಆರಿಸಿ ಓವನ್ನಿನೊಳಗೇ ಬಿಡುವ ಅಭ್ಯಾಸ ಬೇಡ. ಓವನ್ನಿನ ಬದಲು ಕುಕ್ಕರಿನ ತಳಕ್ಕೆ ಉಪ್ಪು ಹಾಕಿ ಕಾಯಿಸಿ ಬೇಯಿಸುವವರಂತೂ ತಟ್ಟೆಯನ್ನು ತಕ್ಷಣ ಹೊರಗೆ ತೆಗೆಯಬೇಕು. ಆ ಉಪ್ಪು ಬಹಳ ಹೊತ್ತು ಕಾದೇ ಇರುತ್ತದೆ.

ಟ್ರೇಯಲ್ಲೇ ಸ್ವಲ್ಪ ವಿಶ್ರಾಂತಿ

ಇಳಿಸಿದ ಕೂಡಲೇ ಎತ್ತಲು ಹೋಗಬೇಡಿ, ಮುರಿಯುತ್ತದೆ. ಮೈದಾದ ಖಾರಾ ಬಿಸ್ಕತ್ತಿಗೆ 5 ನಿಮಿಷ ಸಾಕು. ಬೆಣ್ಣೆ ಬಿಸ್ಕತ್ತು, ನಾನ್‌ಖಟಾಯ್‌ಗಳಿಗೆ ಸುಮಾರು 10 ನಿಮಿಷ ಬೇಕು, ಅವುಗಳಲ್ಲಿ ಜಿಡ್ಡು ಜಾಸ್ತಿ. ರಾಗಿ ಬಿಸ್ಕತ್ತಿನದ್ದು ಬೇರೆ ಕಷ್ಟ. ರಾಗಿಯಲ್ಲಿ ಗೋಧಿಯ ಹಾಗೆ ಹಿಡಿದಿಡುವ ಅಂಟಿಲ್ಲ, ಹಾಗಾಗಿ ಅದಕ್ಕೂ ಅಷ್ಟೇ ಹೊತ್ತು ಕೊಡಿ. ತಳ ಆಗಲೇ ಕೆಂಪಗಾಗಿದ್ದರೆ ಮಾತ್ರ ಕಾಯಬೇಡಿ. ಬಟರ್ ಪೇಪರನ್ನು ಬಿಸ್ಕತ್ತುಗಳ ಸಮೇತ ಮೆಲ್ಲಗೆ ಜಾರಿಸಿ ಟ್ರೇಯಿಂದ ಹೊರಗೆ ತನ್ನಿ. ಬಟರ್ ಪೇಪರ್ ಹಾಕಿರದಿದ್ದರೆ ತುಂಬಾ ಹೊತ್ತು ಬಿಡಲೂಬಾರದು. ಸಕ್ಕರೆ ಬಿಗಿದು ತಳ ಹಿಡಿಯುತ್ತದೆ. ಹಾಗಾದರೆ ಬಲವಂತ ಮಾಡಬೇಡಿ, ಟ್ರೇಯನ್ನು ಒಂದೆರಡು ನಿಮಿಷ ಮತ್ತೆ ಓವನ್ನಿನಲ್ಲಿಡಿ, ತಾನಾಗೇ ಬಿಡುತ್ತದೆ.

ಜಾಲರಿ ಇಲ್ಲದೆ ಆಗದು

ಇಡೀ ಕೆಲಸದಲ್ಲಿ ನಾನು ಒಂದೇ ಒಂದು ವಿಷಯಕ್ಕೆ ಹಟ ಹಿಡಿಯುವುದಾದರೆ ಅದು ಇದಕ್ಕೇ. ಬಿಸಿ ಬಿಸ್ಕತ್ತನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಐದು ನಿಮಿಷ ಬಿಟ್ಟು ಎತ್ತಿ ನೋಡಿ. ಅದು ಕೂತಿದ್ದ ಜಾಗದಲ್ಲಿ ದುಂಡಗೆ ನೀರಿನ ಪಸೆ ಇರುತ್ತದೆ. ತಳದಿಂದ ಬಂದ ಹಬೆ ತಣ್ಣನೆ ತಟ್ಟೆಗೆ ತಾಗಿ ನೀರಾಗಿದೆ. ಆ ನೀರನ್ನು ಬಿಸ್ಕತ್ತು ಹೀರಿಕೊಳ್ಳುತ್ತದೆ. ಮೇಲೆ ಗರಿಗರಿ, ಕೆಳಗೆ ಮೆತ್ತಗೆ ಆಗುವುದು ಹೀಗೆ.

ಇದಕ್ಕಾಗಿ ಹೊಸದೇನೂ ಕೊಳ್ಳಬೇಕಿಲ್ಲ. ಓಟಿಜಿ (ಮನೆಬಳಕೆಯ ಸಣ್ಣ ಕರೆಂಟ್ ಓವನ್) ಜೊತೆ ಬಂದ ಕಂಬಿಯ ಜಾಲರಿ ಇದೆಯಲ್ಲ, ಅದು ತಣ್ಣಗಾಗಿದ್ದರೆ ಎರಡು ಬಟ್ಟಲು ಬೋರಲು ಹಾಕಿ ಅದರ ಮೇಲಿಡಿ. ಕೆಳಗೆ ಎರಡು ಬೆರಳಷ್ಟಾದರೂ ಗಾಳಿ ಆಡಬೇಕು. ಅದೂ ಇಲ್ಲದಿದ್ದರೆ ಹಿಟ್ಟಿನ ಜರಡಿಯನ್ನು ಬೋರಲು ಹಾಕಿ, ಅಂಚಿನ ಒಂದು ಕಡೆ ಚಮಚ ಸಿಕ್ಕಿಸಿ ಎತ್ತರ ಮಾಡಿ. ಬಿಸ್ಕತ್ತುಗಳು ಒಂದಕ್ಕೊಂದು ತಾಗದ ಹಾಗೆ, ಒಂದೇ ಪದರದಲ್ಲಿ ಹರಡಿ. ಮೇಲೆ ಬಟ್ಟೆ ಮುಚ್ಚಬೇಡಿ. ನೊಣದ ಕಾಟ ಇದ್ದರೆ ಬಲೆಯ ಮುಚ್ಚಳ ಹಾಕಿ.

ಫ್ಯಾನ್ ಹಾಕಬಹುದಾ? ಸೀಲಿಂಗ್ ಫ್ಯಾನ್ ಮೆಲ್ಲಗೆ ತಿರುಗುತ್ತಿದ್ದರೆ ತೊಂದರೆಯಿಲ್ಲ. ಟೇಬಲ್ ಫ್ಯಾನ್ ನೇರವಾಗಿ ಬೀಸಬೇಡಿ. ತೆಳ್ಳಗಿನ ಬಿಸ್ಕತ್ತಿನ ಅಂಚು ಬೇಗ ಒಣಗಿ ನಡುವೆ ತೇವ ಉಳಿದರೆ, ಆಮೇಲೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಫ್ರಿಜ್ಜಿನ ಮಾತು ಬೇಡವೇ ಬೇಡ.

ಈ ಹೊತ್ತಿನಲ್ಲಿ ಎರಡನೇ ಕಂತು ತಯಾರಾಗುತ್ತಿರುತ್ತದೆ, ಅಲ್ವಾ? ಬಿಸಿ ಟ್ರೇ ಮೇಲೆ ಹಸಿ ಉಂಡೆ ಇಡಬೇಡಿ. ಬೇಯುವ ಮೊದಲೇ ಬೆಣ್ಣೆ ಕರಗಿ ಹರಡಿಬಿಡುತ್ತದೆ. ಕಾದ ಟ್ರೇ ಮೇಲೆ ತಣ್ಣೀರು ಸುರಿದರೆ ಅದು ಸೊಟ್ಟಗಾಗಬಹುದು. ತಾನಾಗೇ ಆರಲಿ.

ಡಬ್ಬಿಗೆ ಯಾವಾಗ?

ಸಾಧಾರಣವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಬಿಸ್ಕತ್ತಿನ ದಪ್ಪವನ್ನು ನೋಡಿಕೊಂಡು ಅಂದಾಜು ಮಾಡಿ. ಮೇಲ್ಭಾಗ ಮುಟ್ಟಿ ನೋಡಿದರೆ ಮೋಸ ಹೋಗುತ್ತೀರಿ, ತಳವನ್ನು ಮಣಿಕಟ್ಟಿಗೆ ತಾಗಿಸಿ. ಸ್ವಲ್ಪವೂ ಬೆಚ್ಚಗೆ ಅನ್ನಿಸಬಾರದು. ಒಂದನ್ನು ಮುರಿದೇ ನೋಡಿ, ‘ಟಕ್’ ಅನ್ನಬೇಕು. ಬೆಚ್ಚಗಿದ್ದಾಗಲೇ ತುಂಬಿದರೆ ಡಬ್ಬಿಯ ಮುಚ್ಚಳದ ಒಳಗೆ ಹನಿ ಕಟ್ಟುತ್ತದೆ. ಹನಿ ಕಂಡರೆ ಎಲ್ಲವನ್ನೂ ಮತ್ತೆ ಹರಡಿ, ಡಬ್ಬಿ ಒರೆಸಿ.

ಹಾಗಂತ ರಾತ್ರಿಯಿಡೀ ಹೊರಗೆ ಬಿಡುವುದೂ ತಪ್ಪು. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು, ಉಡುಪಿ, ಮಲೆನಾಡಿನ ಕಡೆ, ಆರಿದ ಬಿಸ್ಕತ್ತು ಗಾಳಿಯ ತೇವವನ್ನು ಎಳೆದುಕೊಳ್ಳಲು ಶುರು ಮಾಡುತ್ತದೆ. ಬೆಲ್ಲ ಹಾಕಿದ್ದು ಸಕ್ಕರೆಯದ್ದಕ್ಕಿಂತ ಬೇಗ ಮೆತ್ತಗಾಗುತ್ತದೆ. ಅಲ್ಲಿ ತಣ್ಣಗಾದ ಕ್ಷಣವೇ ಡಬ್ಬಿಗೆ ಹಾಕಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತೊಂದರೆ ಬೇರೆ. ಬೆಣ್ಣೆ ಸುಮಾರು 35 ಡಿಗ್ರಿಗೆಲ್ಲ ಕರಗುತ್ತದೆ, ಮಧ್ಯಾಹ್ನದ ಅಡುಗೆಮನೆಯೇ ಅದಕ್ಕಿಂತ ಬಿಸಿ. ಬೆಳಿಗ್ಗೆ ಬೇಗ ಅಥವಾ ರಾತ್ರಿ ಬೇಯಿಸುವುದು ಒಳ್ಳೆಯದು.

ಖಾರಾ ಬಿಸ್ಕತ್ತು, ಸಿಹಿ ಬಿಸ್ಕತ್ತು ಒಂದೇ ಡಬ್ಬಿಯಲ್ಲಿ ಬೇಡ, ಕರಿಬೇವು, ಹಸಿಮೆಣಸಿನಕಾಯಿಯ ಘಮ ಸಿಹಿಗೂ ಹತ್ತುತ್ತದೆ. ಚಾಕೊಲೇಟ್ ಚಿಪ್ ಹಾಕಿದ ಮೆತ್ತನೆ ಕುಕ್ಕಿಯನ್ನೂ ಗರಿಗರಿ ಬಿಸ್ಕತ್ತಿನ ಜೊತೆ ಸೇರಿಸಬೇಡಿ.

ಇಷ್ಟಾದರೂ ಮೆತ್ತಗಾಯಿತಾ? ಬಿಸಾಡಬೇಡಿ. 150 ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿ 5 ನಿಮಿಷ ಇಟ್ಟು ತೆಗೆಯಿರಿ. ಹೊರಗೆ ಬಂದಾಗ ಇನ್ನೂ ಮೆತ್ತಗೇ ಇರುತ್ತದೆ, ಗಾಬರಿ ಬೇಡ. ಮತ್ತೆ ಜಾಲರಿ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ರುಚಿ ನೋಡಿ.