ಚಿತ್ರ ನೋಡೋಕೆ ಹೋಗೋದು ಹೇಗೆ? ಗ್ಯಾಲರಿಯ ಹೊಸ್ತಿಲಿಂದ ಮನೆಯ ಹುಣಸೆಕಡ್ಡಿವರೆಗೆ

ತುಮಕೂರಿನಲ್ಲಿ ಚಿತ್ರಪ್ರದರ್ಶನಗಳು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಮುಗಿಯುತ್ತವೆ. ಚಿತ್ರಕಲೆ ಕಲಿಯುವ ಮಕ್ಕಳು ವರ್ಷದ ಕೊನೆಗೆ ತಮ್ಮ ಕೆಲಸವನ್ನು ಗೋಡೆಗೆ ಹಾಕುತ್ತಾರೆ, ಇಲ್ಲವೇ ಯಾರೋ ಒಬ್ಬ ಕಲಾವಿದರು ಮೂರು ದಿನಕ್ಕೆ ಒಂದು ಹಾಲ್ ಹಿಡಿಯುತ್ತಾರೆ. ಬಾಗಿಲು ತೆರೆದೇ ಇರುತ್ತದೆ, ಸಾಮಾನ್ಯವಾಗಿ ಟಿಕೆಟ್ಟೂ ಇರುವುದಿಲ್ಲ. ಆದರೂ ಎದುರಿನ ರಸ್ತೆಯಲ್ಲಿ ಓಡಾಡುವವರು ಒಳಗೆ ಕಾಲಿಡುವುದಿಲ್ಲ.

ನನ್ನ ಅತ್ತೆಯನ್ನು ಮೊದಲ ಸಲ ಕರೆದುಕೊಂಡು ಹೋದಾಗ ಅವರೂ ಚಪ್ಪಲಿ ಬಿಟ್ಟು ಹೊಸ್ತಿಲ ಆಚೆಯೇ ನಿಂತರು. "ನಂಗೇನು ತಿಳಿಯುತ್ತೆ ಕಣಮ್ಮ, ನೀನು ನೋಡ್ಕೊಂಡು ಬಾ, ನಾನಿಲ್ಲೇ ಕೂತಿರ್ತೀನಿ" ಅಂದರು. ಕೈ ಹಿಡಿದು ಒಳಗೆ ಕರೆದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಒಂದು ಜಲವರ್ಣದ ಮುಂದೆ ನಿಂತುಬಿಟ್ಟಿದ್ದಾರೆ. ರಾಗಿ ಹೊಲದ ಚಿತ್ರ. "ಇದು ಕೊಯ್ಲಿಗೆ ಬಂದಿಲ್ಲ. ತೆನೆ ಇನ್ನೂ ಹಸಿರು, ಹಾಲುಗಾಳು" ಅಂದರು. ಮೂಲೆಯಲ್ಲಿ ಕುಳಿತಿದ್ದ ಹುಡುಗ ಎದ್ದು ಬಂದ. ಚಿತ್ರ ಬರೆದವನು ಅವನೇ. "ಹೌದಮ್ಮ, ದಸರಾ ರಜೆಗೆ ಊರಿಗೆ ಹೋದಾಗ ಹೊಲದ ಬದುವಿನ ಮೇಲೆ ಕೂತು ಬರೆದಿದ್ದು. ಕೊಯ್ಲು ಹೊತ್ತಿಗೆ ಊರಲ್ಲಿ ಇರೋಕಾಗಲಿಲ್ಲ" ಅಂದ. ಆಮೇಲೆ ಅವರಿಬ್ಬರ ಮಾತು ಅರ್ಧ ಗಂಟೆ ನಡೆಯಿತು. ಆ ಹಸಿರನ್ನು ಅಷ್ಟು ಸರಿಯಾಗಿ ಓದಿದವರು ಆ ಹಾಲ್‌ನಲ್ಲಿ ಅವರೊಬ್ಬರೇ.

ಚಿತ್ರ ನೋಡಲು ಬೇಕಾದ ತಿಳಿವಳಿಕೆ ನಮ್ಮೆಲ್ಲರ ಹತ್ತಿರ ಆಗಲೇ ಇದೆ. ಅದನ್ನು ಬಾಗಿಲಲ್ಲಿ ಚಪ್ಪಲಿ ಜೊತೆ ಬಿಟ್ಟು ಹೋಗಬಾರದು, ಅಷ್ಟೇ.

ಹೊರಡುವ ಮುಂಚೆ

ಉದ್ಘಾಟನೆಯ ದಿನ ಬೇಡ. ಹಾರ, ಭಾಷಣ, ಫೋಟೊ ಗದ್ದಲದಲ್ಲಿ ಚಿತ್ರ ಕಾಣುವುದಿಲ್ಲ. ಮಾರನೆಯ ದಿನ ಬೆಳಿಗ್ಗೆ ಹೋದರೆ ಹಾಲ್ ಖಾಲಿ, ಕಲಾವಿದರೂ ಪುರುಸೊತ್ತಾಗಿ ಸಿಗುತ್ತಾರೆ. ಕನ್ನಡಕ ಮರೆಯಬೇಡಿ. ಮಕ್ಕಳಿದ್ದರೆ ಹೊಟ್ಟೆ ತುಂಬಿಸಿಕೊಂಡು ಹೋಗಿ.

ಒಳಗೆ ಹೋದ ಮೇಲೆ

ಮೊದಲು ಎಲ್ಲೂ ನಿಲ್ಲದೆ ಒಂದು ಸುತ್ತು ಹಾಕಿ. ಸಂತೆಯಲ್ಲಿ ತರಕಾರಿ ಕೊಳ್ಳುವ ಮುಂಚೆ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತೇವಲ್ಲ, ಹಾಗೆ. ಯಾವುದೋ ಒಂದು ಚಿತ್ರ ಹಿಂತಿರುಗಿ ನೋಡುವಂತೆ ಮಾಡುತ್ತದೆ. ಇಷ್ಟವಾಗಿಯೇ ಮಾಡಬೇಕೆಂದಿಲ್ಲ, ಕಿರಿಕಿರಿಯಾಗಿಯೂ ಮಾಡಬಹುದು. ಎರಡನೇ ಸುತ್ತಿನಲ್ಲಿ ನೇರ ಅದರ ಮುಂದೆ ಹೋಗಿ ನಿಲ್ಲಿ, ಹತ್ತು ನಿಮಿಷ ಅಲ್ಲೇ ಇರಿ. ಐವತ್ತು ಚಿತ್ರಗಳ ಮುಂದೆ ಹತ್ತು ಹತ್ತು ಸೆಕೆಂಡು ನಿಲ್ಲುವುದಕ್ಕಿಂತ ಇದು ಎಷ್ಟೋ ಮೇಲು.

ಹತ್ತು ನಿಮಿಷ ಏನು ಮಾಡುವುದು? ಇಡೀ ಚಿತ್ರ ಕಣ್ಣಿಗೆ ತುಂಬುವಷ್ಟು ದೂರದಿಂದ ಶುರು ಮಾಡಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ ಜಾರಿತು, ಗಮನಿಸಿ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಸಣ್ಣಪುಟ್ಟದ್ದೆಲ್ಲ ಅಳಿಸಿ ಬೆಳಕು ಎಲ್ಲಿದೆ, ಕತ್ತಲೆ ಎಲ್ಲಿದೆ ಅನ್ನುವುದಷ್ಟೇ ಉಳಿಯುತ್ತದೆ. ಆಮೇಲೆ ಹತ್ತಿರ ಬನ್ನಿ, ಆದರೆ ಮುಟ್ಟಬೇಡಿ. ಬೆರಳಿನ ಜಿಡ್ಡು, ಬೆವರು ಬಣ್ಣಕ್ಕೆ ಒಳ್ಳೆಯದಲ್ಲ. ಬ್ರಶ್ ಯಾವ ಕಡೆ ಎಳೆದಿದೆ, ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ನೋಡಿ. ಜಲವರ್ಣದಲ್ಲಿ ಬೆಳ್ಳಗೆ ಕಾಣುವ ಜಾಗ ಸಾಮಾನ್ಯವಾಗಿ ಬಳಿದ ಬಣ್ಣವಲ್ಲ, ಬಿಟ್ಟ ಕಾಗದ. ಅಂದರೆ ಕಲಾವಿದರು ಅಲ್ಲಿ ಕೈ ತಡೆದಿದ್ದಾರೆ.

ಮೈಸೂರು ಶೈಲಿಯ ಚಿತ್ರವಿದ್ದರೆ ಎದುರಿನಿಂದ ಮಾತ್ರವಲ್ಲ, ಪಕ್ಕದಿಂದಲೂ ನೋಡಿ. ಒಡವೆ, ಕಿರೀಟ, ಪ್ರಭಾವಳಿಯ ಮೇಲೆ ಉಬ್ಬು ಕೆಲಸ ಮಾಡಿ ಅದರ ಮೇಲೆ ಚಿನ್ನದ ರೇಕು ಅಂಟಿಸಿರುತ್ತಾರೆ. ಮೈಸೂರಿನದರಲ್ಲಿ ಉಬ್ಬು ಸಣ್ಣದು, ನವಿರು. ತಂಜಾವೂರಿನದರಲ್ಲಿ ದಪ್ಪ, ಜೊತೆಗೆ ಹೊಳೆಯುವ ಕಲ್ಲುಗಳೂ ಇರುತ್ತವೆ. ಒಂದು ಸಲ ಪಕ್ಕದಿಂದ ನೋಡಿದವರಿಗೆ ಈ ವ್ಯತ್ಯಾಸ ಮತ್ತೆ ಮರೆಯುವುದಿಲ್ಲ.

ಪಕ್ಕದ ಚೀಟಿಯನ್ನು ಕೊನೆಗೆ ಓದಿ. ಹೆಸರು, ಮಾಧ್ಯಮ, ಅಳತೆ, ವರ್ಷ ಅದರಲ್ಲಿರುತ್ತದೆ. ಅಚ್ಚುಚಿತ್ರವಾದರೆ, ಅಂದರೆ ಕಲಾವಿದರು ಅಚ್ಚು ಮಾಡಿ ಕಾಗದಕ್ಕೆ ಒತ್ತಿ ತೆಗೆದದ್ದಾದರೆ, ಕೆಳಗೆ ಪೆನ್ಸಿಲಿನಲ್ಲಿ 3/10 ಎಂದಿರಬಹುದು: ತೆಗೆದ ಹತ್ತು ಪ್ರತಿಗಳಲ್ಲಿ ಇದು ಮೂರನೆಯದು. ಕೆಂಪು ಚುಕ್ಕಿ ಅಂಟಿಸಿದ್ದರೆ ಮಾರಾಟವಾಗಿದೆ ಎಂದರ್ಥ. ಫೋಟೊ ಬೇಕಿದ್ದರೆ ಕೇಳಿ ತೆಗೆಯಿರಿ, ಫ್ಲಾಶ್ ಬೇಡ.

ಕಲಾವಿದರ ಜೊತೆ ಮಾತು

"ಇದರ ಅರ್ಥ ಏನು?" ಅಂತ ಕೇಳಿದರೆ ಎಷ್ಟೋ ಕಲಾವಿದರು ತಡವರಿಸುತ್ತಾರೆ, ಪಾಪ. ಅದರ ಬದಲು "ಮೊದಲು ಯಾವುದನ್ನ ಬರೆದ್ರಿ?" ಅಂತ ಕೇಳಿ. "ಎಲ್ಲಿ ಕಷ್ಟ ಆಯ್ತು?" ಅಂತ ಕೇಳಿ. ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ನಿಮಗೆ ಕಂಡದ್ದನ್ನೂ ಹೇಳಿ. ಅಭಿಪ್ರಾಯ ಪುಸ್ತಕದಲ್ಲಿ "ತುಂಬಾ ಚೆನ್ನಾಗಿದೆ" ಎಂದಷ್ಟೇ ಬರೆದು ಬರಬೇಡಿ, ಯಾವ ಚಿತ್ರದ ಯಾವ ಜಾಗ ಎಂದೂ ಬರೆಯಿರಿ. ಪ್ರದರ್ಶನ ಮುಗಿದ ರಾತ್ರಿ ಕಲಾವಿದರು ಆ ಪುಸ್ತಕವನ್ನು ಕೂತು ಓದುತ್ತಾರೆ.

ಅಂದಹಾಗೆ, ಕನ್ನಡದಲ್ಲಿ ನಾವು ಚಿತ್ರವನ್ನೂ ಬರೆಯುತ್ತೇವೆ, ಕಾಗದವನ್ನೂ ಬರೆಯುತ್ತೇವೆ. ಈ ಮಾತು ನನಗೆ ಬಲು ಇಷ್ಟ.

ಪ್ರದರ್ಶನವೇ ಇಲ್ಲದಿದ್ದರೆ

ಸೀಬಿಗೆ ಹೋಗಿ. ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಇದೆ. ಎಲ್ಲ ಬಸ್ಸೂ ನಿಲ್ಲಿಸುವುದಿಲ್ಲ, ಹತ್ತುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ. ಅಲ್ಲಿನ ನರಸಿಂಹಸ್ವಾಮಿ ದೇವಸ್ಥಾನವನ್ನು ಕಟ್ಟಿಸಿದವರು ಟಿಪ್ಪು ಕಾಲದ ಕಚೇರಿ ಕೃಷ್ಣಪ್ಪನ ಮೂವರು ಮಕ್ಕಳು: ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ. ಮುಂದಿನ ಮಂಟಪದಲ್ಲಿ ತಲೆ ಎತ್ತಿದರೆ ಚಾವಣಿಯ ಮೇಲೆ ಚಿತ್ರಗಳು. ದೇವರ ಕತೆಗಳೂ ಇವೆ, ಹೈದರಾಲಿಯ ದರ್ಬಾರೂ ಇದೆ.

ತಲೆ ಎತ್ತಿ ಎತ್ತಿ ಕತ್ತು ಹಿಡಿದುಕೊಳ್ಳುತ್ತದೆ. ಅದಕ್ಕೊಂದು ಉಪಾಯ: ಅಂಗೈಗಿಂತ ಸ್ವಲ್ಪ ದೊಡ್ಡ ಕನ್ನಡಿ ಒಯ್ಯಿರಿ. ಹೊಟ್ಟೆಯ ಮಟ್ಟದಲ್ಲಿ ಮಟ್ಟಸವಾಗಿ ಹಿಡಿದು ಅದರೊಳಗೆ ನೋಡಿದರೆ ಚಾವಣಿ ಕೈಗೆ ಬರುತ್ತದೆ. ಎಡ ಬಲ ತಿರುಗಿ ಕಾಣುತ್ತದೆ, ಅದನ್ನು ನೆನಪಿಟ್ಟುಕೊಳ್ಳಿ. ಮಕ್ಕಳ ಕೈಗೆ ಕನ್ನಡಿ ಕೊಟ್ಟು ಆನೆ ಎಲ್ಲಿದೆ, ಕುದುರೆ ಇದೆಯಾ, ಹುಡುಕು ಎಂದರೆ ಮನೆಗೆ ಹೋಗೋಣ ಅನ್ನುವುದೇ ಇಲ್ಲ. ಪೂಜೆಯ ಹೊತ್ತಿನಲ್ಲಿ ಮಾತ್ರ ಇದೆಲ್ಲ ಬೇಡ.

ಮನೆಗೆ ಬಂದ ಮೇಲೆ

ನೋಡಿ ಬಂದ ಕೈ ಸುಮ್ಮನಿರುವುದಿಲ್ಲ. ಅದಕ್ಕೆ ಕೆಲಸ ಕೊಡಿ. ದುಬಾರಿ ಬಣ್ಣದ ಡಬ್ಬಿ ಬೇಡ. ಹಿಂದಿನ ಕಾಲದ ಮೈಸೂರು ಚಿತ್ರಗಾರರು ಹುಣಸೆಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು, ಅದೇ ಇದ್ದಿಲಿನಿಂದ ಮೊದಲ ಗೆರೆ ಎಳೆಯುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಹುಣಸೆಮರಕ್ಕೇನು ಬರವೇ?

ಪೆನ್ಸಿಲ್ ದಪ್ಪದ ನೆಟ್ಟನೆಯ ಕಡ್ಡಿಗಳನ್ನು ಆರಿಸಿ, ತೊಗಟೆ ಸುಲಿದು, ಚೆನ್ನಾಗಿ ಒಣಗಿಸಿ. ಬಿಗಿ ಮುಚ್ಚಳದ ಹಳೆಯ ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ. ಹೊಗೆ ಹೋಗಲು ಮುಚ್ಚಳಕ್ಕೆ ಮೊಳೆಯಿಂದ ಒಂದೇ ಒಂದು ತೂತು ಮಾಡಿ. ಹಿತ್ತಿಲಲ್ಲಿ, ನೀರು ಕಾಯಿಸುವ ಒಲೆಯ ಕೆಂಡದ ಮೇಲೆ ಇಡಿ, ಮನೆಯೊಳಗೆ ಬೇಡ. ತೂತಿನಿಂದ ಮೊದಲು ಬೆಳ್ಳಗೆ ದಟ್ಟವಾಗಿ ಹೊಗೆ ಬರುತ್ತದೆ, ಬರುಬರುತ್ತಾ ತೆಳುವಾಗಿ ನಿಲ್ಲುತ್ತದೆ. ನಿಂತ ಮೇಲೆ ಇಕ್ಕಳದಲ್ಲಿ ಕೆಳಗಿಳಿಸಿ. ಆಗಲೇ ಮುಚ್ಚಳ ತೆಗೆಯಬೇಡಿ. ಬಿಸಿ ಇದ್ದಿಲಿಗೆ ಗಾಳಿ ತಾಗಿದರೆ ಕೆಂಡವಾಗಿ ಬೂದಿಯಾಗುತ್ತದೆ. ನಾನು ಮೊದಲ ಸಲ ಆತುರಪಟ್ಟು ಒಂದು ಡಬ್ಬಿ ಕಡ್ಡಿಯನ್ನೂ ಹಾಗೇ ಕಳೆದುಕೊಂಡೆ. ಈಗ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ತೆಗೆಯುತ್ತೇನೆ. ಸರಿಯಾಗಿ ಸುಟ್ಟ ಕಡ್ಡಿ ಒಳಗೂ ಕಪ್ಪಗಿರುತ್ತದೆ, ಮುರಿದರೆ ಚಟ್ಟೆಂದು ಮುರಿಯುತ್ತದೆ. ಒಳಗೆ ಕಂದು ಉಳಿದಿದ್ದರೆ ಇನ್ನೊಮ್ಮೆ ಸುಡಬೇಕು.

ನುಣುಪು ಕಾಗದಕ್ಕೆ ಇದ್ದಿಲು ಹಿಡಿಯುವುದಿಲ್ಲ, ಸ್ವಲ್ಪ ತರಿಯಿರುವ ಕಾಗದ ತನ್ನಿ. ದಿನಕ್ಕೆ ಹತ್ತು ನಿಮಿಷ ಸಾಕು. ಮೊದಲ ವಾರ ಒಂದೇ ಒಂದು ತೆಂಗಿನಕಾಯಿ ಬರೆಯಿರಿ, ಜುಟ್ಟು ಸಮೇತ. ದಿನವೂ ಅದೇ ಕಾಯಿ, ಬೇರೆ ಬೇರೆ ಮಗ್ಗುಲಿಂದ. ಕಾಗದ ನೋಡದೆ ಕಾಯಿಯನ್ನೇ ನೋಡುತ್ತಾ ಗೆರೆ ಎಳೆದು ನೋಡಿ. ಗೆರೆ ವಕ್ರವಾಗುತ್ತದೆ, ಆಗಲಿ. ಮುಗಿದ ಹಾಳೆಗಳ ನಡುವೆ ಬಟರ್ ಪೇಪರ್ ಇಡಿ, ಇಲ್ಲದಿದ್ದರೆ ಒಂದರ ಕಪ್ಪು ಇನ್ನೊಂದಕ್ಕೆ ಹತ್ತುತ್ತದೆ.

ಅತ್ತೆ ಕಾಯಿ ಬರೆಯಲು ಒಪ್ಪಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಕಡ್ಡಿಯಿಂದ ರಂಗೋಲಿಯ ಚುಕ್ಕಿ ಇಟ್ಟರು, ಹದಿನೈದರಿಂದ ಎಂಟು. ಕೈ ಎತ್ತದೆ ಗೆರೆ ಸುತ್ತಿಸಿ, ಬೆರಳಿಗೆ ಮೆತ್ತಿದ ಕಪ್ಪನ್ನು ಸೆರಗಿಗೆ ಒರೆಸಲು ಹೋಗಿ ತಡೆದರು. ಆಮೇಲೆ ಅದೇ ಬೆರಳಿನಿಂದ ರಂಗೋಲಿಯ ಒಳಗಿನ ಎಸಳುಗಳಿಗೆ ಒಂದೊಂದಾಗಿ ನೆರಳು ತುಂಬಿದರು. ಆ ಹಾಳೆ ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ.