ಚಂದ್ರಗಿರಿ ಹೊಳೆಯ ಆಚೆಗೂ ನಮ್ಮದೇ: ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಓದಲು ಹೋಗುವವರಿಗೆ

ಡಿಗ್ರಿ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಕಾಸರಗೋಡು ಕಡೆಯ ಮಕ್ಕಳಿಂದ ನನಗೆ ಫೋನ್ ಬರಲು ಶುರುವಾಗುತ್ತದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಎಲ್ಲಿಂದ ಬಂದರೂ ಪ್ರಶ್ನೆ ಒಂದೇ. ಮುಂದೆ ಎಲ್ಲಿ ಓದುವುದು? ಮಂಗಳೂರು ವಿಶ್ವವಿದ್ಯಾಲಯ ಇರುವ ಕೊಣಾಜೆಯ ಹೆಸರು ಎಲ್ಲರಿಗೂ ಗೊತ್ತು. ಮಂಗಳೂರಿನ ಕಾಲೇಜುಗಳೂ ಗೊತ್ತು. ಆದರೆ ನಮ್ಮದೇ ಜಿಲ್ಲೆಯ ಪೆರಿಯದಲ್ಲಿ ಒಂದು ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಅಲ್ಲಿಗೆ ಅರ್ಜಿ ಹಾಕಿದ್ದೀಯಾ ಎಂದು ಕೇಳಿದರೆ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ಚಂದ್ರಗಿರಿ ಹೊಳೆ ದಾಟಿದರೆ ಅದು ಮಲಯಾಳದ ಲೋಕ, ಅಲ್ಲಿ ನಮಗೇನು ಎಂಬ ಭಾವನೆ ಮನೆಗಳಲ್ಲಿ ಈಗಲೂ ಇದೆ. ನಾನೂ ಅದೇ ಭಾವನೆ ಹೊತ್ತು ಪೆರಿಯದ ಆ ಕ್ಯಾಂಪಸ್ಸಿನ ಗುಡ್ಡ ಹತ್ತಿದವಳು. ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಅದು ಏನು ಅಂತ ತಿಳಿದುಕೊಳ್ಳಿ. ಹೆಸರು ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ. ಸಂಸತ್ತು 2009ರಲ್ಲಿ ಮಾಡಿದ ಕಾಯ್ದೆಯಿಂದ ಹುಟ್ಟಿದ್ದು, ಹಣ ಕೇಂದ್ರ ಸರ್ಕಾರದ್ದು. ಮೊದಲಿಗೆ ಕಾಸರಗೋಡಿನ ವಿದ್ಯಾನಗರ, ಆಮೇಲೆ ಪಡನ್ನಕ್ಕಾಡು ಅಂತ ಅಲ್ಲಿ ಇಲ್ಲಿ ನಡೆಯುತ್ತಿತ್ತು. ಈಗ ಪೆರಿಯದ ಮುರಕಲ್ಲು ಗುಡ್ಡದ ಮೇಲೆ 310 ಎಕರೆಯಲ್ಲಿ ನೆಲೆ ನಿಂತಿದೆ. ಆ ಗುಡ್ಡಕ್ಕೆ ತೇಜಸ್ವಿನಿ ಹಿಲ್ಸ್ ಅಂತ ಹೆಸರು. ನೀಲೇಶ್ವರದ ಕಡೆ ಹರಿಯುವ ಹೊಳೆಯ ಹೆಸರೂ ಅದೇ. ಒಳಗಿನ ಕಟ್ಟಡಗಳಿಗೂ ನದಿಗಳ ಹೆಸರು: ಸಬರಮತಿ, ಬ್ರಹ್ಮಪುತ್ರ ಹೀಗೆ. ಮೊದಲ ದಿನ ಯಾರಾದರೂ 'ಕ್ಲಾಸು ಬ್ರಹ್ಮಪುತ್ರದಲ್ಲಿ' ಎಂದರೆ ಗಾಬರಿ ಬೇಡ.

ಸಂಶೋಧನಾ ವಿಶ್ವವಿದ್ಯಾಲಯ ಎಂದರೆ ಏನು ವ್ಯತ್ಯಾಸ? ಇಲ್ಲಿನ ಮೇಷ್ಟ್ರುಗಳಿಗೆ ಪಾಠ ಮಾಡುವುದು ಅರ್ಧ ಕೆಲಸ, ಹೊಸದನ್ನು ಹುಡುಕುವುದು ಇನ್ನರ್ಧ. ಎಂಎ, ಎಂಎಸ್ಸಿ ಓದುವವರು ಕೂಡ ಕೊನೆಗೆ ಒಂದು ಪ್ರಬಂಧವನ್ನೋ ಪ್ರಾಜೆಕ್ಟನ್ನೋ ತಾವೇ ಮಾಡಬೇಕು. ಇದರಿಂದ ಊರಿಗೇನು ಪ್ರಯೋಜನ ಅಂತ ಕೇಳಿದವರಿಗೆ ನಾನು 2020ರ ಮಾರ್ಚ್ ನೆನಪಿಸುತ್ತೇನೆ. ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು. ಆಸ್ಪತ್ರೆಗೆ ಅಂತ ಮಂಗಳೂರನ್ನೇ ನಂಬಿದ್ದ ನಾವು ಈಚೆ ಉಳಿದೆವು. ಆಗ ಕೊರೋನಾ ಗಂಟಲು ದ್ರವದ ಪರೀಕ್ಷೆ ಜಿಲ್ಲೆಯೊಳಗೇ ನಡೆದದ್ದು ಪೆರಿಯದ ಈ ಕ್ಯಾಂಪಸ್ಸಿನ ಲ್ಯಾಬಿನಲ್ಲಿ. ವಿದ್ಯಾರ್ಥಿಗಳು ಕಲಿಯುವ ಲ್ಯಾಬು, ಯಂತ್ರಗಳು ಇದ್ದವು, ಬಳಸಲು ಗೊತ್ತಿದ್ದವರಿದ್ದರು, ಕೆಲಸ ಆಯಿತು.

ವಿಷಯಗಳು ತುಂಬಾ ಇವೆ. ಜೀನೋಮಿಕ್ ಸೈನ್ಸ್, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಕಂಪ್ಯೂಟರ್, ಅರ್ಥಶಾಸ್ತ್ರ, ಸಮಾಜಕಾರ್ಯ, ಪಬ್ಲಿಕ್ ಹೆಲ್ತ್, ಭಾಷಾವಿಜ್ಞಾನ, ಇಂಗ್ಲಿಷ್, ಹಿಂದಿ, ಮಲಯಾಳಂ. ಮತ್ತೆ ಕನ್ನಡ. ಹೌದು, ಅಲ್ಲಿ ಕನ್ನಡ ಎಂಎ ಇದೆ, ಪಿಎಚ್‌ಡಿಯೂ ಇದೆ. ಇದು ಗೊತ್ತಿಲ್ಲದ ಕನ್ನಡ ಮೇಷ್ಟ್ರುಗಳನ್ನು ನಾನು ನಮ್ಮ ಊರಲ್ಲೇ ನೋಡಿದ್ದೇನೆ, ಬೇಜಾರಾಗುತ್ತದೆ. ಒಂದು ಎಚ್ಚರಿಕೆ: ಎಲ್ಲ ಕೋರ್ಸುಗಳೂ ಪೆರಿಯದಲ್ಲೇ ಇಲ್ಲ. ಕಾನೂನು ಬೇಕಿದ್ದವರಿಗೆ ದೂರದ ದಕ್ಷಿಣ ಕೇರಳದ ತಿರುವಲ್ಲ ಕ್ಯಾಂಪಸ್. ಅರ್ಜಿ ಹಾಕುವ ಮೊದಲೇ ಯಾವುದು ಎಲ್ಲಿ ಅಂತ ನೋಡಿಕೊಳ್ಳಿ.

ಸೀಟು ಸಿಗುವುದು ಹೇಗೆ? ಪಿಜಿಗೆ ಸಿಯುಇಟಿ-ಪಿಜಿ ಎಂಬ ಪರೀಕ್ಷೆ ಇದೆ. ಎನ್‌ಟಿಎ ಎಂಬ ಕೇಂದ್ರದ ಪರೀಕ್ಷಾ ಸಂಸ್ಥೆ ನಡೆಸುತ್ತದೆ, ಕಂಪ್ಯೂಟರಿನ ಮುಂದೆ ಕೂತು ಬರೆಯಬೇಕು. 75 ಪ್ರಶ್ನೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಕಳೆಯುತ್ತಾರೆ. ಅರ್ಜಿ ಡಿಸೆಂಬರ್, ಜನವರಿ ಹೊತ್ತಿಗೇ ಬರುತ್ತದೆ, ಪರೀಕ್ಷೆ ಮಾರ್ಚ್ ಆಸುಪಾಸು. ಅಂದರೆ ಕೊನೆಯ ಸೆಮಿಸ್ಟರ್ ಇನ್ನೂ ನಡೆಯುತ್ತಿರುವಾಗ. ನಮ್ಮ ಮಕ್ಕಳು ತಪ್ಪುವುದು ಇಲ್ಲೇ. ರಿಸಲ್ಟ್ ಬಂದ ಮೇಲೆ ನೋಡೋಣ ಅಂತ ಕೂರುತ್ತಾರೆ, ಅಷ್ಟರಲ್ಲಿ ಬಾಗಿಲು ಮುಚ್ಚಿ ತಿಂಗಳುಗಳಾಗಿರುತ್ತವೆ. ಯಾವ ಕೋರ್ಸಿಗೆ ಯಾವ ಪೇಪರ್ ಕೋಡ್ ಎಂಬುದನ್ನು ವಿಶ್ವವಿದ್ಯಾಲಯದ ಪ್ರಾಸ್ಪೆಕ್ಟಸ್ ತೆಗೆದು ನೋಡಿಯೇ ತುಂಬಿ, ಗೆಳೆಯರನ್ನು ಕೇಳಿ ತುಂಬಬೇಡಿ. ಇನ್ನೊಂದು ಮಾತು, ಇದು ಬಹಳ ಮುಖ್ಯ: ಸಿಯುಇಟಿ ಬರೆದರೆ ಮುಗಿಯಲಿಲ್ಲ. ಸ್ಕೋರು ಬಂದ ಮೇಲೆ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಒಳ್ಳೆಯ ಸ್ಕೋರು ತೆಗೆದು, ಕರೆ ಬರುತ್ತದೆ ಅಂತ ಸುಮ್ನೆ ಮನೆಯಲ್ಲಿ ಕಾದು ಸೀಟು ಕಳೆದುಕೊಂಡವರಿದ್ದಾರೆ.

ಸರ್ಟಿಫಿಕೇಟಿನ ವಿಷಯ ನನ್ನ ಅನುಭವದಿಂದಲೇ ಹೇಳಬೇಕು. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಮೀಸಲಾತಿ ಕೇಂದ್ರದ ಲೆಕ್ಕದ್ದು: ಪರಿಶಿಷ್ಟ ಜಾತಿಗೆ ಶೇಕಡಾ 15, ಪರಿಶಿಷ್ಟ ಪಂಗಡಕ್ಕೆ 7.5, ಒಬಿಸಿಗೆ 27, ಇಡಬ್ಲ್ಯೂಎಸ್‌ಗೆ, ಅಂದರೆ ಈ ಮೀಸಲಾತಿಗಳಿಗೆ ಸೇರದ ಬಡ ಕುಟುಂಬದವರಿಗೆ, 10. ಕನ್ನಡ ಭಾಷಾ ಅಲ್ಪಸಂಖ್ಯಾತ ಎಂಬುದಕ್ಕೆ ಇಲ್ಲಿ ಬೇರೆ ಪಾಲಿಲ್ಲ. ಒಬಿಸಿಯವರಿಗೆ ಕೆನೆಪದರ ಅಲ್ಲ ಎಂಬ ಸರ್ಟಿಫಿಕೇಟು ಬೇಕು, ಅದೂ ಕೇಂದ್ರದ ನಮೂನೆಯಲ್ಲಿ, ಆ ಹಣಕಾಸು ವರ್ಷದ್ದು. ಕೇರಳದ ಕೆಲಸಕ್ಕಾದರೆ ವಿಲೇಜ್ ಆಫೀಸರ್ ಕೊಡುವುದು ಸಾಕು, ಕೇಂದ್ರದ್ದಕ್ಕೆ ತಹಶೀಲ್ದಾರರ ಸಹಿ ಬೇಕು. ನಾನು ಅರ್ಜಿ ತುಂಬಿಸಲು ಹೋದ ಕಡೆ ರಾಜ್ಯದ ನಮೂನೆಯನ್ನೇ ಹಾಕಿಬಿಟ್ಟರು. ನಾನೂ ನೋಡಲಿಲ್ಲ. ದಾಖಲೆ ಪರಿಶೀಲನೆಯ ಮೇಜಿನ ಮುಂದೆ ನಿಂತಾಗ ಗೊತ್ತಾಯಿತು. ನಾಲ್ಕು ದಿನ ಸಮಯ ಕೊಟ್ಟರು. ಅಪ್ಪ ಅಡಿಕೆ ಸುಲಿಯುವ ಕೆಲಸ ಅರ್ಧಕ್ಕೆ ಬಿಟ್ಟು ತಾಲೂಕು ಕಚೇರಿಗೆ ಎರಡು ಸಲ ಓಡಿದರು, ನಾಲ್ಕನೆಯ ದಿನ ಮಧ್ಯಾಹ್ನ ಕಾಗದ ಕೈಗೆ ಬಂತು. ಅದರ ಮೇಲಿನ ಶಾಯಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಆ ಓಟ ನಿಮ್ಮ ಅಪ್ಪನಿಗೆ ಬೇಡ. ಏಪ್ರಿಲ್ ಒಂದು ದಾಟಿದ ಕೂಡಲೇ ಅರ್ಜಿ ಕೊಟ್ಟು ಕೇಂದ್ರದ ನಮೂನೆಯಲ್ಲೇ ಮಾಡಿಸಿಡಿ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯಾ ಅಂತಲೂ ಮೊದಲೇ ನೋಡಿ. ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ.

ಇನ್ನು ದಾರಿ. ಕಾಸರಗೋಡಿನಿಂದ ಕಾಞಂಗಾಡಿಗೆ, ಅದೇ ನಮ್ಮ ಹಿರಿಯರ ಬಾಯಲ್ಲಿ ಹೊಸದುರ್ಗಕ್ಕೆ, ಎರಡು ದಾರಿಗಳಿವೆ. ಒಂದು ಚಂದ್ರಗಿರಿ ಸೇತುವೆ, ಉದುಮ, ಬೇಕಲ ಮೇಲಿಂದ ಕಡಲಿನ ಬದಿಯಲ್ಲಿ ಹೋಗುತ್ತದೆ. ಇನ್ನೊಂದು ಹೆದ್ದಾರಿ, ಚೆರ್ಕಳ, ಚಟ್ಟಂಚಾಲ್, ಪೊಯಿನಾಚಿ ಮೇಲಿಂದ. ಪೆರಿಯ ಸಿಗುವುದು ಈ ಎರಡನೆಯದರಲ್ಲಿ ಮಾತ್ರ. ಬೋರ್ಡಿನಲ್ಲಿ ಕಾಞಂಗಾಡ್ ಅಂತ ಕಂಡ ತಕ್ಷಣ ಹತ್ತಬೇಡಿ, ಚಟ್ಟಂಚಾಲ್ ಮೇಲೆ ಹೋಗುತ್ತದಾ ಅಂತ ಕಂಡಕ್ಟರನ್ನು ಕೇಳಿ. ಬದಿಯಡ್ಕ, ಮುಳ್ಳೇರಿಯ ಕಡೆಯವರು ಕಾಸರಗೋಡು ಪೇಟೆಗೆ ಇಳಿಯುವ ಅಗತ್ಯವೇ ಇಲ್ಲ. ಚೆರ್ಕಳದಲ್ಲಿ ಇಳಿದು ಅಲ್ಲೇ ದಕ್ಷಿಣಕ್ಕೆ ಹೋಗುವ ಬಸ್ಸು ಹಿಡಿಯಿರಿ. ಮಂಜೇಶ್ವರ, ಉಪ್ಪಳದವರಿಗೆ ರೈಲೇ ಸುಖ. ಕಾಞಂಗಾಡಿನಲ್ಲಿ ಇಳಿದು ಬಸ್ಸಿನಲ್ಲಿ ಪೆರಿಯಕ್ಕೆ ವಾಪಸ್ ಬರಬೇಕು.

ಮನೆಯಿಂದ ದಿನಾ ಓಡಾಡಬೇಕೋ, ಹಾಸ್ಟೆಲೋ? ಸೀಟು ಸಿಕ್ಕಿದರೆ ಹಾಸ್ಟೆಲ್ಲೇ ಆಗಲಿ ಎನ್ನುತ್ತೇನೆ. ಕ್ಯಾಂಪಸ್ಸಿನಲ್ಲಿ ಕಲಿಯುವುದರಲ್ಲಿ ಅರ್ಧ ಸಂಜೆ ಐದರ ಮೇಲೆ ನಡೆಯುತ್ತದೆ. ಒಡಿಶಾ, ಬಿಹಾರ, ಬಂಗಾಳದ ಮಕ್ಕಳು ಅಲ್ಲಿರುತ್ತಾರೆ. ನನ್ನ ಪಕ್ಕದ ಹಾಸಿಗೆಯವಳು ಒಡಿಶಾದವಳು. ನಮ್ಮ ಕುಚ್ಚಿಲಕ್ಕಿ ಅನ್ನದ ದಪ್ಪ ಅಗುಳು ನೋಡಿ ಮೊದಲ ವಾರ ಊಟವನ್ನೇ ಬಿಟ್ಟಿದ್ದಳು. ರಜೆಗೆ ನಮ್ಮ ಮನೆಗೆ ಕರೆದುಕೊಂಡು ಹೋದೆ, ಅಮ್ಮ ಗಂಜಿಗೆ ಮಾವಿನ ಮಿಡಿ ಉಪ್ಪಿನಕಾಯಿ ಹಾಕಿ ಕೊಟ್ಟರು. ಅವತ್ತಿನಿಂದ ಮೆಸ್ಸಿನಲ್ಲಿ ಗಂಜಿ ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ಹೋಗುವಾಗ ಗಟ್ಟಿ ಕೊಡೆ, ಬೇಗ ಒಣಗುವ ಬಟ್ಟೆ, ಜಾರದ ಚಪ್ಪಲಿ ತೆಗೆದುಕೊಂಡು ಹೋಗಿ. ಜೂನ್‌ನಿಂದ ಗುಡ್ಡದ ಮೇಲೆ ಗಾಳಿ ಮಳೆ ಜೋರು, ಏಪ್ರಿಲ್‌ನಲ್ಲಿ ಮುರಕಲ್ಲು ಕಾದು ಕಾಲಿಡಲು ಆಗುವುದಿಲ್ಲ.

ಭಾಷೆಯ ಭಯ ಎಲ್ಲರಿಗೂ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಹತ್ತರವರೆಗೆ ಓದಿದ ನನಗೆ ಮೊದಲ ತಿಂಗಳು ಇಂಗ್ಲಿಷ್ ಪಾಠ ಕಿವಿಯ ಮೇಲಿಂದ ಹೋಗುತ್ತಿತ್ತು. ನಾನು ಮಾಡಿದ್ದು ಇಷ್ಟೇ. ನಾಳೆಯ ಪಾಠದ ಎರಡು ಪುಟವನ್ನು ಇವತ್ತು ರಾತ್ರಿಯೇ ಓದಿ, ಗೊತ್ತಿಲ್ಲದ ಪದಗಳನ್ನು ಕನ್ನಡದಲ್ಲಿ ಪಕ್ಕದಲ್ಲಿ ಬರೆದುಕೊಂಡು ಹೋಗುತ್ತಿದ್ದೆ. ಪೂಜಾ ರಜೆಯ ಹೊತ್ತಿಗೆ ಆ ಬರಹ ಕಡಿಮೆಯಾಯಿತು. ಕ್ಲಾಸಿನಲ್ಲಿ ಅರ್ಥವಾಗದ್ದನ್ನು ಮೇಷ್ಟ್ರ ಕೋಣೆಗೆ ಹೋಗಿ ಕೇಳಿ, ಅದಕ್ಕೆ ಯಾರೂ ಬೇಸರಿಸುವುದಿಲ್ಲ. ಮಲಯಾಳವಂತೂ ನಮಗೆ ಬಸ್ಸಿನಲ್ಲಿ ಅಂಗಡಿಯಲ್ಲಿ ಅರ್ಧ ಬಂದೇ ಇರುತ್ತದೆ, ಅಲ್ವಾ? ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಇಷ್ಟು ಭಾಷೆ ಬಾಯಲ್ಲಿ ಇಟ್ಟುಕೊಂಡು ಬರುವವರು ಭಾಷಾವಿಜ್ಞಾನ ವಿಭಾಗಕ್ಕೆ ಹೋದರೆ ಅಲ್ಲಿ ನಿಮ್ಮ ಮಾತನ್ನೇ ಕೂತು ಬರೆದುಕೊಳ್ಳುತ್ತಾರೆ.

ಸಂಶೋಧನೆಗೆ ವಿಷಯ ಹುಡುಕುವಾಗ ದೂರ ಹೋಗಬೇಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮದು, ಕವಿ ಗೋವಿಂದ ಪೈಗಳ ಮಂಜೇಶ್ವರ ನಮ್ಮದು. ಎಂಡೋಸಲ್ಫಾನ್ ಕೀಟನಾಶಕ ಸುರಿದ ಗೇರುತೋಟಗಳ ನೋವೂ ನಮ್ಮ ಎಣ್ಮಕಜೆಯದ್ದೇ. ಆದರೆ 'ಕಾಸರಗೋಡಿನ ಸುರಂಗಗಳು' ಎಂಬಂಥ ವಿಷಯ ತುಂಬಾ ದೊಡ್ಡದು, ಅದು ಮುಗಿಯುವುದಿಲ್ಲ. ಒಂದು ಊರು ಹಿಡಿಯಿರಿ. ಅಲ್ಲಿ ನೀರಿಗಾಗಿ ಗುಡ್ಡ ಕೊರೆದು ಮಾಡಿದ ಸುರಂಗಗಳು ಎಷ್ಟು, ಏಪ್ರಿಲ್‌ನಲ್ಲೂ ನೀರು ಬರುವುದು ಯಾವುದರಲ್ಲಿ, ಕೊಳವೆಬಾವಿ ಬಂದ ಮೇಲೆ ಯಾರು ಬಿಟ್ಟರು, ಈಗಲೂ ಒಳಗೆ ತೆವಳಿ ಹೋಗಿ ಹೂಳು ತೆಗೆಯುವವರು ಯಾರು? ಇಷ್ಟು ಕೇಳಿದರೆ ಅದೇ ಒಂದು ಒಳ್ಳೆಯ ಎಂಎ ಪ್ರಬಂಧ. ಬೇರೆಯವರು ಏನು ಮಾಡಿದ್ದಾರೆ ಅಂತ ನೋಡಲು ಶೋಧಗಂಗಾ ಎಂಬ ಜಾಲತಾಣ ತೆರೆಯಿರಿ, ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಅಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು.

ಪಿಎಚ್‌ಡಿಯ ಆಸೆ ಇದ್ದರೆ ಎಂಎ ಮೊದಲ ವರ್ಷದಿಂದಲೇ ನೆಟ್ ಪರೀಕ್ಷೆಗೆ ಓದಿ. 2024ರಿಂದ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಪಿಎಚ್‌ಡಿ ಪ್ರವೇಶಕ್ಕೂ ನೆಟ್ ಅಂಕ ಬಳಸಲು ಹೇಳಿದೆ. ನೆಟ್‌ನಲ್ಲಿ ಮೇಲಿನ ಅಂಕ ಬಂದವರಿಗೆ ಕೊಡುವ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಜೆಆರ್‌ಎಫ್ ಇಲ್ಲದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ತಿಂಗಳಿಗೆ 8,000 ಕೊಡುವ ಕ್ರಮ ಇದೆ. ಎಂಎಯಲ್ಲಿ ಶೇಕಡಾ 55 ಬೇಕು, ಮೀಸಲಾತಿ ಇರುವವರಿಗೆ 5 ಸಡಿಲಿಕೆ. ಮುಗಿಸಲು ಕಡಿಮೆ ಎಂದರೆ ಮೂರು ವರ್ಷ, ಜಾಸ್ತಿ ಎಂದರೆ ಆರು. ಹೆಣ್ಣುಮಕ್ಕಳಿಗೆ ಮತ್ತೆ ಎರಡು ವರ್ಷ ಸಿಗುತ್ತದೆ, ಹೆರಿಗೆಗೆ 240 ದಿನದವರೆಗೆ ರಜೆಯೂ ಇದೆ. ಮದುವೆ ಆದರೆ ಓದು ನಿಂತಿತು ಎನ್ನುವ ಮನೆಯವರಿಗೆ ಈ ಸಾಲನ್ನು ತೋರಿಸಿ.

ಒಂದು ಕೆಲಸ ಮಾತ್ರ ಈ ವಾರವೇ ಮಾಡಿ. ಕ್ಲಾಸು ಇರುವ ಒಂದು ದಿನ ಅಪ್ಪ ಅಮ್ಮನನ್ನೂ ಕರೆದುಕೊಂಡು ಚೆರ್ಕಳದಿಂದ ಬಸ್ಸು ಹತ್ತಿ ಪೆರಿಯದಲ್ಲಿ ಇಳಿಯಿರಿ. ಗೇಟಿನಲ್ಲಿ ಹೆಸರು ಹೇಳಿ, ಕನ್ನಡ ವಿಭಾಗ ಎಲ್ಲಿ ಅಂತ ಕೇಳಿ. ಬೇರೆ ವಿಷಯ ಓದುವವರಾದರೂ ಮೊದಲು ಅಲ್ಲಿಗೇ ಹೋಗಿ. ನಿಮ್ಮ ಊರಿನ ಯಾರಾದರೂ ಒಬ್ಬರು ಅಲ್ಲಿ ಸಿಕ್ಕೇ ಸಿಗುತ್ತಾರೆ, ಮುಂದಿನದನ್ನು ಅವರೇ ತೋರಿಸುತ್ತಾರೆ.