ರೀಜೆನ್ಸಿ ಕಾಲದ ಹಜಾರವನ್ನು ದಾವಣಗೆರೆಯ ರಂಗದ ಮೇಲೆ ಕಟ್ಟುವ ಬಗೆ

ಇಂಗ್ಲೆಂಡಿನ ರೀಜೆನ್ಸಿ ಕಾಲದ ಕಥೆಯೊಂದನ್ನು ಕಾಲೇಜಿನ ತಂಡ ನಾಟಕಕ್ಕೆ ಆರಿಸಿಕೊಂಡ ಕೂಡಲೇ ಎಲ್ಲರೂ ಉಡುಪಿನ ಚಿಂತೆಗೆ ಬೀಳುತ್ತಾರೆ. ಉಡುಪನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ದೊರೆ ಮೂರನೆಯ ಜಾರ್ಜನ ಬುದ್ಧಿ ಸ್ಥಿಮಿತ ತಪ್ಪಿದ್ದರಿಂದ ಅವನ ಮಗ 1811ರ ಫೆಬ್ರವರಿಯಲ್ಲಿ ರಾಜಪ್ರತಿನಿಧಿ, ಅಂದರೆ ‘ರೀಜೆಂಟ್’, ಆದನು. 1820ರ ಜನವರಿಯಲ್ಲಿ ತಂದೆ ತೀರಿಕೊಳ್ಳುವವರೆಗೆ ಹಾಗೆಯೇ ಆಳಿದನು. ಆ ಒಂಬತ್ತು ವರ್ಷಗಳ ಉಳ್ಳವರ ಬದುಕು ಯಾರು ಯಾರನ್ನು ಮೊದಲು ಮಾತನಾಡಿಸಬಹುದು ಎಂಬ ಕಟ್ಟಳೆಯ ಮೇಲೆ ನಿಂತಿತ್ತು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿನವರಾದ ನಮಗೆ ಎತ್ತಿದ ದನಿ, ಬೀಸಿದ ಕೈ ತಾನಾಗಿ ಬರುತ್ತವೆ. ಈ ನಾಟಕದಲ್ಲಿ ಮಾತ್ರ ಅವೆರಡನ್ನೂ ಇಳಿಸಿ, ಆ ಕಟ್ಟಳೆಯನ್ನೇ ಅಭಿನಯಿಸಬೇಕಾಗುತ್ತದೆ.

ತಾಲೀಮಿನ ಮೊದಲ ದಿನ ಪರಿಚಯ ಮಾಡಿಸುವ ಕ್ರಮವನ್ನು ಕಲಿಸಿರಿ. ಗುರುತಿಲ್ಲದ ಹೆಣ್ಣನ್ನು ಗಂಡಸು ನೇರವಾಗಿ ಮಾತನಾಡಿಸುವಂತಿರಲಿಲ್ಲ. ಇಬ್ಬರಿಗೂ ಬೇಕಾದವರೊಬ್ಬರು ಅವನನ್ನು ಅವಳಿಗೆ ಪರಿಚಯಿಸಬೇಕಿತ್ತು. ಬಾತ್ ನಗರದಂತಹ ಕಡೆ ಸಾರ್ವಜನಿಕ ನೃತ್ಯಶಾಲೆಗಳಲ್ಲಿ ಈ ಕೆಲಸಕ್ಕೆಂದೇ ಒಬ್ಬ ಅಧಿಕಾರಿ ಇರುತ್ತಿದ್ದನು. ಹಿಂದೊಮ್ಮೆ ನಾನು ಕಲಿಸುತ್ತಿದ್ದ ತಂಡದ ನಾಯಕನು ಎಷ್ಟು ಹೇಳಿದರೂ ನಾಯಕಿಯ ಮುಂದೆ ನೆಟ್ಟಗೆ ಹೋಗಿ ಕೈ ಚಾಚುತ್ತಿದ್ದನು. ಕನ್ಯೆ ನೋಡಲು ಹೋದ ಮನೆಯಲ್ಲಿ ನಡುವೆ ಕುಳಿತು ಎರಡೂ ಕಡೆಯ ಮಾತು ಹೊಂದಿಸುವ ಹಿರಿಯರನ್ನು ನೆನಪಿಸಿಕೊ ಎಂದ ಮೇಲೆಯೇ ಅವನ ಹೆಜ್ಜೆ ನಿಧಾನವಾಯಿತು. ಪರಿಚಯವಾದ ಮೇಲೆ ಗಂಡಸು ಸ್ವಲ್ಪ ಬಾಗಬೇಕು, ಹೆಂಗಸು ಮಂಡಿ ಮಡಿಸಿ ಕೊಂಚ ಕುಸಿದು ಏಳಬೇಕು. ಕೈಕುಲುಕುವುದು ಆಪ್ತರ ನಡುವಿನ ಸಲುಗೆ ಎನಿಸಿತ್ತು.

ಸಂಬೋಧನೆಯಲ್ಲಿ ಅನುವಾದಕರು ಹೆಚ್ಚಾಗಿ ಎಡವುತ್ತಾರೆ. ಮನೆಯ ಹಿರಿಯ ಮಗಳನ್ನು ‘ಮಿಸ್’ ಎಂಬುದಕ್ಕೆ ಮನೆತನದ ಹೆಸರನ್ನಷ್ಟೇ ಸೇರಿಸಿ ಕರೆಯುತ್ತಿದ್ದರು. ತಂಗಿಯರಿಗೆ ಅವರವರ ಸ್ವಂತ ಹೆಸರೂ ಸೇರುತ್ತಿತ್ತು. ಅಕ್ಕ ಮದುವೆಯಾಗಿ ಹೋದರೆ ಆ ಬರಿಯ ‘ಮಿಸ್’ ಮುಂದಿನ ತಂಗಿಗೆ ಬರುತ್ತಿತ್ತು. ಆದ್ದರಿಂದ ಮದುವೆಯ ದೃಶ್ಯದ ಬಳಿಕ ಸಂಭಾಷಣೆಯಲ್ಲಿ ಹೆಸರುಗಳನ್ನು ಬದಲಿಸುವುದನ್ನು ಮರೆಯಬಾರದು. ಮನೆವಾರ್ತೆ ನೋಡಿಕೊಳ್ಳುವ ಹೆಂಗಸು ಮದುವೆಯಾಗದಿದ್ದರೂ ‘ಮಿಸೆಸ್’ ಎನಿಸಿಕೊಳ್ಳುತ್ತಿದ್ದಳು. ಎಷ್ಟೋ ಮನೆಗಳಲ್ಲಿ ಹೆಂಡತಿ ಗಂಡನನ್ನು ‘ಮಿಸ್ಟರ್’ ಹಚ್ಚಿ ಮನೆತನದ ಹೆಸರಿನಿಂದಲೇ ಕರೆಯುತ್ತಿದ್ದಳು. ಗಂಡನ ಹೆಸರೆತ್ತದೆ ‘ನಮ್ಮ ಮನೆಯವರು’ ಎನ್ನುವ ಹಿರಿಯ ಹೆಂಗಸರನ್ನು ಕಂಡವರಿಗೆ ಇದು ವಿಚಿತ್ರವೆನಿಸದು. ಆದರೂ ಅಲ್ಲಿ ‘ರೀ’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಆ ‘ಮಿಸ್ಟರ್’ನಲ್ಲಿರುವ ದೂರವನ್ನು ‘ರೀ’ ಒಂದೇ ಉಸಿರಿಗೆ ಅಳಿಸಿಬಿಡುತ್ತದೆ. ದೊಡ್ಡವರೆಲ್ಲರ ನಡುವೆ ‘ನೀವು’ ಇರಲಿ. ‘ನೀನು’ ಎಂಬುದನ್ನು ಅಕ್ಕತಂಗಿಯರಿಗೂ ಚಿಕ್ಕವರಿಗೂ ಆಳುಗಳಿಗೂ ಮೀಸಲಿಡಿ.

ಬೆಳಕು ಜೋಡಿಸುವವರಿಗೆ ಒಂದು ಎಚ್ಚರಿಕೆ. ಆಗ ದಿನದ ಮುಖ್ಯ ಊಟ ಹಳ್ಳಿಗಾಡಿನಲ್ಲಿ ಸಂಜೆ ನಾಲ್ಕು ಐದರ ಹೊತ್ತಿಗೆ, ಲಂಡನ್ನಿನ ಷೋಕಿ ಮನೆಗಳಲ್ಲಿ ಇನ್ನೂ ತಡವಾಗಿ ನಡೆಯುತ್ತಿತ್ತು. ಅದಕ್ಕೂ ಮುಂಚಿನ ಹೊತ್ತನ್ನೆಲ್ಲ ‘ಬೆಳಗ್ಗೆ’ ಎಂದೇ ಕರೆಯುತ್ತಿದ್ದರು. ‘ಬೆಳಗಿನ ಭೇಟಿ’ ಎಂದು ಮೂಲದಲ್ಲಿದ್ದರೆ ಅದು ಮಧ್ಯಾಹ್ನ ಎರಡು ಗಂಟೆಯದಾಗಿರಬಹುದು. ಅಲ್ಲಿ ನಸುಕಿನ ಕೆಂಪು ದೀಪ ಹಾಕಿದರೆ ದೃಶ್ಯ ಕೆಡುತ್ತದೆ. ಭೇಟಿ ಕಾಲು ಗಂಟೆಗಿಂತ ಹೆಚ್ಚು ಎಳೆಯಬಾರದು. ಬಂದ ಗಂಡಸು ಹ್ಯಾಟನ್ನು ಕೈಯಲ್ಲಿ ಹಿಡಿದೇ ಒಳಗೆ ಬರುತ್ತಿದ್ದನು, ಬೇಗ ಏಳುತ್ತೇನೆ ಎಂಬುದಕ್ಕೆ ಅದೇ ಗುರುತು. ನಮ್ಮ ನಟರಿಗೆ ಇದೇ ಕಷ್ಟ: ಬಂದವರಿಗೆ ಮಂಡಕ್ಕಿ ಮಿರ್ಚಿ ತರಿಸದೆ, ‘ಇನ್ನೊಂದಿಷ್ಟು ಕುಂದ್ರಿ’ ಎನ್ನದೆ ಕಳಿಸಿ ರೂಢಿಯಿಲ್ಲದ ಅವರು ಬೀಳ್ಕೊಡುವ ಮಾತನ್ನು ಎರಡು ನಿಮಿಷ ಹಿಗ್ಗಿಸುತ್ತಾರೆ. ಗಡಿಯಾರ ಇಟ್ಟುಕೊಂಡೇ ತಾಲೀಮು ಮಾಡಿಸಿರಿ. ಮನೆಯೊಡತಿ ಒಳಗಿದ್ದರೂ ಸೇವಕನು ‘ಅಮ್ಮನವರು ಮನೆಯಲ್ಲಿಲ್ಲ’ ಎಂದರೆ ಅದು ಸುಳ್ಳಲ್ಲ, ಇಂದು ಯಾರನ್ನೂ ಕಾಣುವುದಿಲ್ಲ ಎಂಬುದರ ಸಭ್ಯ ರೂಪ. ಬಂದವರು ಹೆಸರಿನ ಚೀಟಿಯನ್ನು ಕೊಟ್ಟು ಹೊರಡಬೇಕು.

ಚಹಾವನ್ನು ಊಟವಾದ ಮೇಲೆ ಹಜಾರದಲ್ಲಿ ಕೊಡಿಸಿರಿ. ನಾಲ್ಕು ಗಂಟೆಯ ಚಹಾಕೂಟದ ರೂಢಿ ಇನ್ನೂ ಹುಟ್ಟಿರಲಿಲ್ಲ. ಸೊಪ್ಪು ಚೀನಾದಿಂದ ಬರುತ್ತಿತ್ತು, ಅದರ ವ್ಯಾಪಾರ ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯದಲ್ಲಿತ್ತು, ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಹರಾಜಾದದ್ದು 1839ರಲ್ಲಿ. ತುಟ್ಟಿ ಪದಾರ್ಥವಾದ್ದರಿಂದ ಸೊಪ್ಪನ್ನು ಬೀಗವಿರುವ ಪೆಟ್ಟಿಗೆಯಲ್ಲಿಡುತ್ತಿದ್ದರು. ಕೀಲಿಕೈ ಮನೆಯೊಡತಿಯ ಬಳಿ ಇರಲಿ. ಅದೊಂದೇ ವಸ್ತು ಅವಳ ಅಧಿಕಾರವನ್ನು ತೋರಿಸುತ್ತದೆ.

ನೃತ್ಯಕ್ಕೆ ವಾಲ್ಟ್ಸ್, ಅಂದರೆ ಗಂಡು ಹೆಣ್ಣು ಒಬ್ಬರನ್ನೊಬ್ಬರು ಹಿಡಿದುಕೊಂಡು ಸುತ್ತುತ್ತ ಕುಣಿಯುವ ಜೋಡಿ ಕುಣಿತ, ಬೇಡ. 1816ರ ಜುಲೈಯಲ್ಲಿ ರಾಜಪ್ರತಿನಿಧಿಯ ಕೂಟದಲ್ಲಿ ಅದನ್ನು ಕುಣಿದಾಗ ‘ಟೈಮ್ಸ್’ ಪತ್ರಿಕೆ ಅಸಭ್ಯವೆಂದು ಛೀಮಾರಿ ಹಾಕಿತ್ತು. ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು ಎದುರುಬದುರು ನಿಂತು ಕುಣಿಯುವ ಹಳ್ಳಿ ನೃತ್ಯ ಸಾಕು; ಕೋಲಾಟ ಬಲ್ಲ ಹುಡುಗರು ಅದನ್ನು ಬೇಗ ಹಿಡಿಯುತ್ತಾರೆ. ಒಬ್ಬನಿಗೆ ಒಲ್ಲೆನೆಂದ ಹುಡುಗಿ ಮತ್ತೊಬ್ಬನ ಜೊತೆ ಕುಣಿಯುವುದು ಮರ್ಯಾದೆಯಲ್ಲ. ಅವಳು ಕುಳಿತೇ ನೋಡಬೇಕು. ಈ ಕುಳಿತಿರುವಿಕೆಯಲ್ಲಿ ಒಳ್ಳೆಯ ನಟಿಗೆ ಬೇಕಾದಷ್ಟು ಕೆಲಸವಿದೆ.

ಇನ್ನು ಉಡುಪು. ಎದೆಯ ಕೆಳಗೇ ನೆರಿಗೆ ಹಿಡಿದು ಪಾದದವರೆಗೆ ಇಳಿಬಿಟ್ಟ ಬಿಳಿಯ ಮಸ್ಲಿನ್ ನಿಲುವಂಗಿ ಸಾಕು, ಊರಿನ ಜವಳಿ ಅಂಗಡಿಗಳಲ್ಲಿ ಸಿಗುವ ತೆಳು ಮಲ್ ಬಟ್ಟೆ ಅದಕ್ಕೆ ಹೊಂದುತ್ತದೆ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನಲ್ಲಿ ಬಟ್ಟೆಗೆ ಬರವೇ! ವೇಷದ ಅಂಗಡಿಯವರು ಕೊಡುವ ಬಿಳಿಯ ಟೋಪನ್ನು ಮಾತ್ರ ಹಿಂದಿರುಗಿಸಿರಿ. ಕೂದಲಿಗೆ ಹಚ್ಚುವ ಪುಡಿಯ ಮೇಲೆ 1795ರಲ್ಲಿ ತೆರಿಗೆ ಬಿದ್ದ ಮೇಲೆ ಯುವಕರು ಅದನ್ನು ಬಿಟ್ಟಿದ್ದರು.

ಪತ್ರವನ್ನು ಲಕೋಟೆಯಲ್ಲಿಟ್ಟು ತರಬೇಡಿ. ಹಾಳೆಗಳ ಲೆಕ್ಕದಲ್ಲಿ ಅಂಚೆಯ ದರ ಹಾಕುತ್ತಿದ್ದುದರಿಂದ ಒಂದೇ ಹಾಳೆಯನ್ನು ಮಡಚಿ, ಅರಗಿನ ಮುದ್ರೆ ಒತ್ತಿ, ಅದರ ಹೊರಮೈಯಲ್ಲೇ ವಿಳಾಸ ಬರೆಯುತ್ತಿದ್ದರು. ದುಡ್ಡು ಕೊಡುವವರು ಪತ್ರ ಪಡೆದವರು. ಹಾಗಾಗಿ ಪತ್ರ ಬರುವ ದೃಶ್ಯದಲ್ಲಿ ಯಾರಾದರೊಬ್ಬರ ಜೇಬಿನಲ್ಲಿ ನಾಲ್ಕಾರು ನಾಣ್ಯಗಳಿರಲಿ.